ರಾಕೆಟ್ ಇಷ್ಟ, ಒಡೆಯ ಕಷ್ಟ

ಇಲಾನ್ ಮಸ್ಕ್ ಹೆಸರು ಬಂದರೆ ಸಾಕು, ನಮ್ಮ ಹಾಸ್ಟೆಲ್ ಎರಡು ಪಕ್ಷವಾಗುತ್ತದೆ. ಒಂದು ಪಕ್ಷಕ್ಕೆ ಅವರು ದೇವರು, ಇನ್ನೊಂದಕ್ಕೆ ದುಡ್ಡಿನ ಮದವೇರಿದ ಮನುಷ್ಯ. ಮೆಕ್ಯಾನಿಕಲ್ ಓದುತ್ತಿರುವ ನನಗೆ ಯಾವ ಕಡೆಯೂ ಪೂರ್ತಿ ಒಪ್ಪಿಗೆಯಿಲ್ಲ.

ಮೊದಲು ಮೆಚ್ಚುಗೆಯ ಮಾತು. 2002ರಲ್ಲಿ ಅವರು ಸ್ಪೇಸ್‌ಎಕ್ಸ್ ಕಟ್ಟಿದಾಗ ಖಾಸಗಿ ರಾಕೆಟ್ ಎಂದರೆ ನಗುವವರೇ ಹೆಚ್ಚು. ಫಾಲ್ಕನ್–1 ಸತತ ಮೂರು ಸಲ ಸೋತಿತು, ಹಣ ತಳ ಕಂಡಿತು. ಆದರೂ ಬಿಡಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ನಾಲ್ಕನೆಯದು ಕಕ್ಷೆ ಸೇರಿತು. 2015ರ ಡಿಸೆಂಬರ್‌ನಲ್ಲಿ ಫಾಲ್ಕನ್–9ರ ಮೊದಲ ಹಂತ ಕೆಲಸ ಮುಗಿಸಿ ವಾಪಸ್ ಬಂದು ನೆಟ್ಟಗೆ ನೆಲಕ್ಕಿಳಿಯಿತು. ಅದರ ವಿಡಿಯೊ ನೋಡಿದಾಗಲೆಲ್ಲ ನನಗೆ ಈಗಲೂ ರೋಮಾಂಚನ.

ಆದರೆ 2018ರಲ್ಲಿ ಥಾಯ್ಲೆಂಡ್‌ನ ಗುಹೆಯಿಂದ ಮಕ್ಕಳನ್ನು ಪಾರುಮಾಡಲು ನೆರವಾದವರೊಬ್ಬರು ಮಸ್ಕ್ ಕಳಿಸಿದ ಪುಟ್ಟ ಜಲಾಂತರ್ಗಾಮಿಯನ್ನು ಟೀಕಿಸಿದಾಗ, ಅವರನ್ನು ಹೊಲಸಾಗಿ ನಿಂದಿಸಿದ್ದೂ ಇದೇ ಮಸ್ಕ್. ಕ್ಷಮೆ ಕೇಳಿದ್ದು ಆಮೇಲೆ. 2022ರಲ್ಲಿ ಟ್ವಿಟರ್ ಕೊಂಡು ಸುಮಾರು ಒಂದೇ ವಾರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೌಕರರನ್ನು ಮನೆಗೆ ಕಳಿಸಿದರು. ಅದೇ ವರ್ಷ, ಅವರ ವರ್ತನೆ ಮುಜುಗರ ತರುತ್ತಿದೆ ಎಂದು ಸ್ಪೇಸ್‌ಎಕ್ಸ್ ಒಳಗೇ ಬಹಿರಂಗ ಪತ್ರ ಬರೆದವರಲ್ಲಿ ಕೆಲವರು ಕೆಲಸ ಕಳೆದುಕೊಂಡರು.

‘ಆ ಸ್ವಭಾವ ಇದ್ದದ್ದಕ್ಕೇ ಅಷ್ಟು ಸಾಧನೆ’ ಎನ್ನುತ್ತಾರೆ ಗೆಳೆಯರು. ನನಗೆ ಹಾಗನ್ನಿಸುವುದಿಲ್ಲ. ಹಟ ಬೇರೆ, ಒರಟುತನ ಬೇರೆ. ಮರ್ಲಿನ್ ಎಂಜಿನ್ ಹಿಂದೆ ಟಾಮ್ ಮುಲ್ಲರ್ ಇದ್ದರು, ಕಂಪನಿಯ ದಿನನಿತ್ಯದ ಹೊಣೆ ಹೊತ್ತವರು ಗ್ವಿನ್ ಶಾಟ್‌ವೆಲ್. ಮೂರನೇ ಉಡಾವಣೆಯಲ್ಲಿ ಬೇರ್ಪಟ್ಟ ಮೊದಲ ಹಂತ, ಎಂಜಿನ್‌ನಲ್ಲಿ ಉಳಿದಿದ್ದ ತಳ್ಳುಬಲದಿಂದ ಎರಡನೇ ಹಂತಕ್ಕೆ ಹಿಂದಿನಿಂದ ಗುದ್ದಿತ್ತು. ಎಂಜಿನ್ ಆರಿದ ಮೇಲೆ ಕೆಲವು ಸೆಕೆಂಡ್ ಹೆಚ್ಚು ಕಾದು ಬೇರ್ಪಡಿಸಿದ್ದೇ ಪರಿಹಾರ! ಇಂಥ ದೋಷ ಸಿಗಬೇಕಾದರೆ ‘ಇಲ್ಲಿ ತಪ್ಪಿದೆ’ ಎಂದು ಯಾರಾದರೂ ಧೈರ್ಯವಾಗಿ ಹೇಳಬೇಕು. ಪತ್ರ ಬರೆದವರು ಕೆಲಸ ಕಳೆದುಕೊಳ್ಳುವ ಕಡೆ ಮುಂದಿನ ದೋಷವನ್ನು ಬಾಯಿಬಿಟ್ಟು ಹೇಳುವವರು ಯಾರು?

ಮುಂದಿನ ವರ್ಷ ನಾವು ಕ್ಯಾಂಪಸ್ ಸಂದರ್ಶನಕ್ಕೆ ಕೂರುತ್ತೇವೆ. ನಮ್ಮಲ್ಲಿ ಕೆಲವರು ನಾಳೆ ತಂಡದ ನಾಯಕರೂ ಆಗಬಹುದು. ಮಸ್ಕ್ ಅವರಿಂದ ಕಲಿಯುವುದಾದರೆ ನಾಲ್ಕನೇ ಸಲವೂ ಪ್ರಯತ್ನಿಸುವ ಛಲ ಕಲಿಯೋಣ. ಬಾಯಿ ತೆರೆಯುವ ಮುನ್ನ ಕೆಲವು ಸೆಕೆಂಡ್ ಕಾಯುವುದನ್ನು ಮಾತ್ರ ಅವರ ರಾಕೆಟ್‌ನಿಂದಲೇ ಕಲಿಯಬೇಕು.