ಗಲ್ಲಿಗೂ 14 ವರ್ಷಕ್ಕೂ ನಡುವೆ

ಘೋರ ಅಪರಾಧದ ಸುದ್ದಿ ಬಂದಾಗಲೆಲ್ಲ ಜೆ.ಪಿ. ನಗರದ ದರ್ಶಿನಿಗಳಲ್ಲೂ ಕಾಲೇಜಿನ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲೂ ಒಂದೇ ಮಾತು: ‘ಗಲ್ಲಿಗೇರಿಸಿ’. ಶಿಕ್ಷೆ ಕೊಡುವುದು ಯಾಕೆ ಎಂದು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಗೆ ನ್ಯಾಯಶಾಸ್ತ್ರ ಮುಖ್ಯವಾಗಿ ನಾಲ್ಕು ಉತ್ತರ ಕೊಡುತ್ತದೆ: ತಪ್ಪಿಗೆ ತಕ್ಕ ಫಲ, ಉಳಿದವರಿಗೆ ಭಯ, ಅಪರಾಧಿಯನ್ನು ಸಮಾಜದಿಂದ ದೂರ ಇಡುವುದು ಮತ್ತು ಅವನನ್ನು ಸುಧಾರಿಸುವುದು. ಇವು ಪರೀಕ್ಷೆಗಷ್ಟೇ ಓದುವ ಸಿದ್ಧಾಂತಗಳಲ್ಲ ಎಂಬುದಕ್ಕೆ ಬೆಂಗಳೂರಿನದೇ ಪ್ರಕರಣವೊಂದು ಸಾಕ್ಷಿ.

ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರಾ ಖಲೀಲಿ 1991ರಲ್ಲಿ ರಿಚ್ಮಂಡ್ ರಸ್ತೆಯ ಮನೆಯಲ್ಲಿ ಕೊಲೆಯಾದರು. ಆಸ್ತಿಗಾಗಿ ಪತಿ ಸ್ವಾಮಿ ಶ್ರದ್ಧಾನಂದನೇ ಅವರನ್ನು ಕೊಂದು ಹೂತುಹಾಕಿದ್ದು 1994ರಲ್ಲಿ ಬಯಲಾಯಿತು. ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು, ಹೈಕೋರ್ಟ್ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳಲ್ಲಿ 2007ರಲ್ಲಿ ಒಮ್ಮತ ಮೂಡಲಿಲ್ಲ. 2008ರಲ್ಲಿ ಪ್ರಕರಣ ಮೂವರ ಪೀಠಕ್ಕೆ ಬಂತು.

ಕೊಲೆಗೆ ಕಾನೂನಿನಲ್ಲಿದ್ದದ್ದು ಎರಡೇ ಶಿಕ್ಷೆ. ಗಲ್ಲು ಅತಿಯಾಯಿತು ಎನಿಸಿತು. ಜೀವಾವಧಿಯಾದರೆ 14 ವರ್ಷ ಕಳೆದ ಮೇಲೆ ಸರ್ಕಾರ ಬಿಡುಗಡೆ ಮಾಡಬಹುದು. ಅದು ತೀರಾ ಕಡಿಮೆ ಎನಿಸಿತು. ಹಾಗಾಗಿ ಪೀಠ ಮೂರನೆಯ ದಾರಿ ಹಿಡಿಯಿತು: ಅವಧಿ ಕಡಿತವಿಲ್ಲದೆ ಬದುಕಿರುವವರೆಗೂ ಜೈಲು. ಶಿಕ್ಷೆಯನ್ನು ಹೊಸದಾಗಿ ಸೃಷ್ಟಿಸುವುದು ಶಾಸಕಾಂಗದ ಕೆಲಸವಲ್ಲವೇ? 2015ರಲ್ಲಿ ಐವರ ಸಂವಿಧಾನ ಪೀಠದ ಇಬ್ಬರು ನ್ಯಾಯಮೂರ್ತಿಗಳು ಹಾಗೆಯೇ ಹೇಳಿದರು. ಉಳಿದ ಮೂವರು ಒಪ್ಪಲಿಲ್ಲ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ಗಳಿಗೆ ಆ ಅಧಿಕಾರ ಉಳಿಯಿತು.

ಈ ದಾರಿ ಒಬ್ಬನನ್ನು ಗಲ್ಲಿನಿಂದ ಉಳಿಸಿತು, ನಿಜ. ಆದರೆ ಮನುಷ್ಯ ಬದಲಾಗಬಹುದು ಎಂಬ ನಂಬಿಕೆಯ ಮೇಲೆಯೇ ಅವಧಿ ಕಡಿತದ ವ್ಯವಸ್ಥೆ ನಿಂತಿದೆ. ತೀರ್ಪಿನ ದಿನವೇ ಆ ಬಾಗಿಲು ಮುಚ್ಚಿದರೆ, 20 ವರ್ಷದ ನಂತರ ಅವನು ಹೇಗಿರುತ್ತಾನೆ ಎಂಬುದನ್ನು ಇಂದೇ ತೀರ್ಮಾನಿಸಿದಂತೆ. ಆಮೇಲೆ ಉಳಿಯುವುದು ರಾಷ್ಟ್ರಪತಿ, ರಾಜ್ಯಪಾಲರ ಕ್ಷಮಾದಾನ ಮಾತ್ರ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಎಳೆದಾಟವಿದೆ. ಮೊದಲ ಬಾರಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದವನು ಅದನ್ನು ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಇದು ಸುಧಾರಣೆಯ ಸಿದ್ಧಾಂತ. ಸಾಮೂಹಿಕ ಅತ್ಯಾಚಾರದಂಥ ಅಪರಾಧಕ್ಕೆ ‘ಸಹಜ ಜೀವನದ ಉಳಿದ ಅವಧಿಯವರೆಗೆ’ ಜೈಲು ವಿಧಿಸಬಹುದು. ಅಲ್ಲಿರುವುದು ಪ್ರತಿಫಲ, ಭಯ ಮತ್ತು ದೂರ ಇಡುವ ಆಲೋಚನೆ.

ಎರಡಕ್ಕೂ ಸಮರ್ಥನೆ ಇರಬಹುದು. ಆದರೆ ಶಿಕ್ಷೆ ಹೆಚ್ಚಿಸುವ ಮಸೂದೆ ಬಂದಾಗ, ನಾಲ್ಕು ಉದ್ದೇಶಗಳಲ್ಲಿ ಇದು ಯಾವುದಕ್ಕಾಗಿ, ಆ ಉದ್ದೇಶ ಇದರಿಂದ ಈಡೇರುತ್ತದೆಯೇ ಎಂದು ಕೇಳುವುದು ಮತದಾರರಾದ ನಮ್ಮ ಕೆಲಸ. ಕಾನೂನು ಓದಿದವರಷ್ಟೇ ಕೇಳಬೇಕಾದ ಪ್ರಶ್ನೆಯಲ್ಲ ಇದು.