ಮಿತಿ ಇರುವುದು ಮಾಲಿಗೆ, ಹಕ್ಕಿಗಲ್ಲ

ನಮ್ಮ ಭಾಗದ ಅಂಗಡಿಗಳ ಬಿಲ್ಲುಗಳಲ್ಲಿ ಮೇಲೆ ಮನೆದೇವರ ಹೆಸರು ಎಷ್ಟು ಖಾತ್ರಿಯೋ, ಕೆಳಗೆ ಒಂದು ವಾಕ್ಯವೂ ಅಷ್ಟೇ ಖಾತ್ರಿ: 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ'. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಪೇಟೆಗಳಲ್ಲಿ ವ್ಯವಹರಿಸುವವರಿಗೆ ಈ ಸಾಲನ್ನು ಓದಬೇಕಾದ ಅಗತ್ಯವೂ ಇಲ್ಲ. ಅದು ಕಾನೂನಿನ ಮಾತೇ ಇರಬೇಕೆಂದು ಕೊಂಡವರು ನಂಬುತ್ತಾರೆ, ಮಾರಿದವರೂ ನಂಬುತ್ತಾರೆ. ಆದರೆ ದೋಷವಿರುವ ಸರಕಿನ ಮಟ್ಟಿಗೆ ಈ ವಾಕ್ಯಕ್ಕೆ ಕಾನೂನಿನಲ್ಲಿ ಕವಡೆಯ ಬೆಲೆಯೂ ಇಲ್ಲ.

ಈ ಹಳೆಯ ಜಗಳ ಈಗ ಹೊಸ ರೂಪದಲ್ಲಿ ಮನೆ ಹೊಕ್ಕಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬತ್ತ ಬೆಳೆಸಿದ ಸಿಂಧನೂರಿನಲ್ಲಾಗಲಿ, ಹಟ್ಟಿಯ ಚಿನ್ನದ ಗಣಿಯನ್ನು ಒಡಲಲ್ಲಿಟ್ಟುಕೊಂಡ ಲಿಂಗಸುಗೂರು ತಾಲ್ಲೂಕಿನಲ್ಲಾಗಲಿ ಕಾಲೇಜು ಹುಡುಗರ ಕಾಲಿನತ್ತ ಒಮ್ಮೆ ನೋಡಿ. ದೊಡ್ಡ ಕಂಪನಿಗಳ ಹೆಸರು ಹೊತ್ತ ಸ್ನೀಕರ್ ಶೂಗಳು ಕಾಣುತ್ತವೆ. ಅವುಗಳಲ್ಲೂ ಒಂದು ಮೇಲ್ಜಾತಿಯಿದೆ. ಅದರ ಹೆಸರು 'ಲಿಮಿಟೆಡ್ ಎಡಿಷನ್'. ಕಂಪನಿಯೊಂದು ಒಂದು ಮಾದರಿಯನ್ನು ಬೇಕೆಂದೇ ಕಡಿಮೆ ಸಂಖ್ಯೆಯಲ್ಲಿ, ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಬಿಡುಗಡೆ ಮಾಡುತ್ತದೆ. ಕೊಳ್ಳಲು ಕೆಲವೊಮ್ಮೆ ಲಾಟರಿಯಂತೆ ಹೆಸರು ಎತ್ತಲಾಗುತ್ತದೆ. ಸಿಕ್ಕವರು ಅದನ್ನೇ ಹೆಚ್ಚಿನ ಬೆಲೆಗೆ ಮರುಮಾರಾಟ ಮಾಡುತ್ತಾರೆ. 1985ರಲ್ಲಿ ನೈಕಿ ಕಂಪನಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಹೆಸರಿನ ಶೂ ಮಾರುಕಟ್ಟೆಗೆ ತಂದ ಮೇಲೆ ಅಮೆರಿಕದಲ್ಲಿ ಬೆಳೆದ ಈ ಹುಚ್ಚು, ಇವತ್ತು ಮೊಬೈಲ್ ಮೂಲಕ 584ರಿಂದ ಆರಂಭವಾಗುವ ನಮ್ಮ ಪಿನ್‌ಕೋಡ್‌ಗಳಿಗೂ ಬಂದು ತಲುಪಿದೆ.

ಹುಚ್ಚು ಎಂದೆನಾದರೂ ಯುವಕರ ಆಸೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಒಂದು ತಲೆಮಾರು ಕೈಗಡಿಯಾರಕ್ಕೆ ಆಸೆಪಟ್ಟಿತ್ತು, ಇನ್ನೊಂದು ಬೈಕಿಗೆ. ನನ್ನ ತಕರಾರು ಇರುವುದು ಆ ಆಸೆಯ ಬೆನ್ನಿಗೆ ಅಂಟಿಸುವ ಶರತ್ತಿನ ಬಗ್ಗೆ. 'ಇದು ಸೀಮಿತ ಬಿಡುಗಡೆ, ಆದ್ದರಿಂದ ವಾಪಸ್ ಇಲ್ಲ, ಬದಲಾವಣೆ ಇಲ್ಲ' ಎಂಬ ಮಾತಿನಲ್ಲಿರುವ 'ಆದ್ದರಿಂದ' ಎಂಬ ಪದಕ್ಕೆ ಆಧಾರವೇನು? ಮಾಲು ಕಡಿಮೆ ಇದೆ ಎಂದಮಾತ್ರಕ್ಕೆ ಕೊಂಡವನ ಹಕ್ಕೂ ಕಡಿಮೆಯಾಗಬೇಕೇ?

ನನಗೆ ಪರಿಚಯದ ಪದವಿ ವಿದ್ಯಾರ್ಥಿಯೊಬ್ಬ ಎಂಟು ಸಾವಿರ ರೂಪಾಯಿ ಕೂಡಿಸಿ ಇಂಥದೊಂದು ಜೋಡಿ ತರಿಸಿದ. ಹತ್ತೇ ದಿನಕ್ಕೆ ಅಟ್ಟೆ ಬಿಟ್ಟುಕೊಂಡಿತು. ಮಾರಿದವರನ್ನು ಕೇಳಿದರೆ ಮೊದಲು 'ಸೀಮಿತ ಮಾದರಿಗೆ ವಾಪಸ್ ಇಲ್ಲ' ಎಂಬ ಉತ್ತರ ಬಂತು. ಆಮೇಲೆ 'ಮೂಲ ಪೆಟ್ಟಿಗೆ ಇಲ್ಲದಿದ್ದರೆ ಪರಿಶೀಲಿಸುವುದಿಲ್ಲ' ಎಂದರು. ಪೆಟ್ಟಿಗೆ ಆ ಹೊತ್ತಿಗೆ ರದ್ದಿಗೆ ಹೋಗಿತ್ತು. 'ಹೋಗಲಿ ಬಿಡ್ರಿ ಸರ್, ರೊಕ್ಕ ನೀರಾಗ ಹಾಕಿದಂಗಾತು' ಎಂದು ಅವನು ಸುಮ್ಮನಾದ. ಹೀಗೆ ಸುಮ್ಮನಾಗುವವರ ಮೌನದ ಮೇಲೆಯೇ ಈ ಶರತ್ತು ನಿಂತಿದೆ.

ಇಂಥ ತಗಾದೆಗಳನ್ನು ಒಂದೇ ಮೂಟೆ ಕಟ್ಟುವುದರಿಂದ ಗೊಂದಲ ಹೆಚ್ಚುತ್ತದೆ. ಬಿಡಿಸಿ ನೋಡಿದರೆ ಇವು ಎರಡು ಬಗೆ. ಮೊದಲನೆಯದು, ಸರಕಿನಲ್ಲೇ ತಪ್ಪಿರುವುದು: ಹೊಲಿಗೆ ಬಿಟ್ಟಿದೆ, ಹೇಳಿದ ಅಳತೆ ಬೇರೆ, ಬಂದ ಅಳತೆ ಬೇರೆ, ಅಥವಾ ಅಸಲಿ ಎಂದು ಹೇಳಿ ನಕಲಿ ಕಳಿಸಿದ್ದಾರೆ. ಎರಡನೆಯದು, ಕೊಂಡವನ ಮನಸ್ಸು ಬದಲಾದದ್ದು: ಬಣ್ಣ ಹಿಡಿಸಲಿಲ್ಲ, ಅಪ್ಪ ಬೈದರು, ಮರುಮಾರಾಟದಲ್ಲಿ ಎಣಿಸಿದ ಲಾಭ ಬರಲಿಲ್ಲ. ಮೊದಲನೆಯದರಲ್ಲಿ ವಾಪಸ್ ಪಡೆಯುವುದು ಮಾರಿದವನ ಕರ್ತವ್ಯ. ಎರಡನೆಯದರಲ್ಲಿ ಅದು ಅವನ ಔದಾರ್ಯ, ಇಲ್ಲವೇ ಅವನು ಮೊದಲೇ ಒಪ್ಪಿಕೊಂಡ ಶರತ್ತು. ಬಿಲ್ಲಿನ ತಳದ ವಾಕ್ಯ ಈ ಎರಡರ ನಡುವಿನ ಗೆರೆಯನ್ನು ಅಳಿಸಿಹಾಕುತ್ತದೆ.

ಕಾನೂನು ಈ ಗೆರೆಯನ್ನು ಸ್ಪಷ್ಟವಾಗಿಯೇ ಎಳೆದಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷಪೂರಿತ ಸರಕನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ನಮೂದಿಸಿದ್ದರೆ ಅದರೊಳಗೆ, ನಮೂದಿಸದಿದ್ದರೆ 30 ದಿನಗಳೊಳಗೆ ಹಣ ಮರಳಿಸಬೇಕು. ಬಿಲ್ಲನ್ನೇ ಕೊಡದಿರುವುದು ಕೂಡ ಅದೇ ಪಟ್ಟಿಯಲ್ಲಿದೆ. ಆನ್‌ಲೈನ್ ವ್ಯಾಪಾರಕ್ಕೆ 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಸರಕು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದಿದ್ದರೆ ಮಾರಾಟಗಾರ ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇದ್ಯಾವುದರಲ್ಲೂ ಸೀಮಿತ ಬಿಡುಗಡೆಯ ಸರಕಿಗೆ ವಿನಾಯಿತಿ ಇಲ್ಲ.

ಮನಸ್ಸು ಬದಲಾಯಿಸುವ ಹಕ್ಕಿನ ಮಾತೇ ಬೇರೆ. ಐರೋಪ್ಯ ಒಕ್ಕೂಟದಲ್ಲಿ ದೂರದಿಂದ ಕೊಂಡ ಸರಕನ್ನು 14 ದಿನಗಳೊಳಗೆ ಕಾರಣ ಹೇಳದೆಯೇ ಮರಳಿಸಬಹುದು. ಗ್ರಾಹಕನ ಅಳತೆಗೆಂದೇ ತಯಾರಿಸಿದ ವಸ್ತು, ಬೇಗ ಕೆಡುವ ಪದಾರ್ಥಗಳಂಥವುಗಳಿಗೆ ಅಲ್ಲಿ ವಿನಾಯಿತಿ ಉಂಟು. 'ಕಡಿಮೆ ಸಂಖ್ಯೆಯಲ್ಲಿ ತಯಾರಾದದ್ದು' ಎಂಬುದು ಆ ಪಟ್ಟಿಯಲ್ಲಿಲ್ಲ. ನಮ್ಮ ಕಾಯ್ದೆ ಇಂಥ ಸಾರ್ವತ್ರಿಕ ಹಕ್ಕನ್ನು ಕೊಟ್ಟಿಲ್ಲ. ಹಾಗಾಗಿ ಬಣ್ಣ ಹಿಡಿಸಲಿಲ್ಲವೆಂದು ಅಂಗಡಿಯವನ ಮೇಲೆ ಹರಿಹಾಯುವ ಗ್ರಾಹಕನ ಪರ ನಾನು ವಾದಿಸಲಾರೆ.

ಅಂಗಡಿಯವರ ಸಂಕಟವನ್ನೂ ನ್ಯಾಯವಾಗಿ ಹೇಳಬೇಕು. ಮದುವೆಯ ಮೆರವಣಿಗೆಗೆ ಹಾಕಿಕೊಂಡು ಮೂರನೆಯ ದಿನ 'ಅಳತೆ ಸರಿಯಿಲ್ಲ' ಎಂದು ತರುವವರಿದ್ದಾರೆ. ಅಸಲಿ ಜೋಡಿಯನ್ನು ಇಟ್ಟುಕೊಂಡು, ಅದೇ ಪೆಟ್ಟಿಗೆಯಲ್ಲಿ ನಕಲಿ ಜೋಡಿಯನ್ನು ಮರಳಿಸುವ ಚಾಲಾಕಿಗಳೂ ಇದ್ದಾರೆ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಮಾಲು ತರುವ ಸಣ್ಣ ವ್ಯಾಪಾರಿಯಿಂದ ಸಗಟು ವ್ಯಾಪಾರಿ ಒಂದು ಜೋಡಿಯನ್ನೂ ಹಿಂದಕ್ಕೆ ಪಡೆಯದಿದ್ದರೆ ಆ ನಷ್ಟ ಅವನ ತಲೆಗೇ ಸುತ್ತಿಕೊಳ್ಳುತ್ತದೆ. ಇವು ನಿಜವಾದ ತೊಂದರೆಗಳು. ಆದರೆ ಹತ್ತು ಜನರಲ್ಲಿ ಒಬ್ಬ ಮೋಸಗಾರನಿರಬಹುದೆಂಬ ಶಂಕೆಗೆ ಒಂಬತ್ತು ಮಂದಿಯ ನ್ಯಾಯವಾದ ದೂರನ್ನು ಬಾಗಿಲಲ್ಲೇ ತಡೆಯುವುದು ಪರಿಹಾರವಲ್ಲ. ಸಣ್ಣ ವ್ಯಾಪಾರಿಯ ನಿಜವಾದ ಜಗಳ ಇರಬೇಕಾದದ್ದು ತನಗೆ ಕೆಟ್ಟ ಮಾಲು ಕಳಿಸಿದ ತಯಾರಕನ ಜೊತೆ, ತನ್ನನ್ನು ನಂಬಿ ಬಂದ ಗಿರಾಕಿಯ ಜೊತೆಯಲ್ಲ.

'ಬಳಸಿದ ಮೇಲೆ ಮುಗಿಯಿತು' ಎಂಬ ವಾದ ಕೂಡ ನಮ್ಮ ಭಾಗಕ್ಕೆ ಹೊಸದಲ್ಲ. ರೈತರಿಗೆ ಇದನ್ನು ಬೀಜದ ವಿಷಯದಲ್ಲಿ ಹೇಳಲಾಗುತ್ತಿತ್ತು. ಬಿತ್ತಿದ ಮೇಲಲ್ಲವೇ ಬೀಜದ ದೋಷ ತಿಳಿಯುವುದು? ಬಿತ್ತಿದ ಬೀಜವನ್ನು ಮರಳಿಸುವುದಾದರೂ ಹೇಗೆ? ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ನಡುವಿನ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಎತ್ತಿಹಿಡಿಯಿತು. ಪರೀಕ್ಷೆಗೆ ಬೇಕಾಗಬಹುದೆಂದು ರೈತ ಬೀಜದ ಮಾದರಿಯನ್ನು ತೆಗೆದಿರಿಸಿಕೊಂಡಿರಬೇಕೆಂದು ನಿರೀಕ್ಷಿಸಲಾಗದು ಎಂಬ ವಿವೇಕವನ್ನೂ ಆ ತೀರ್ಪು ತೋರಿತು. ಬತ್ತ, ಹತ್ತಿ ಬೆಳೆಯುವ ನಾಡಿಗೆ ಈ ತೀರ್ಪಿನ ಬೆಲೆ ಗೊತ್ತು. ಅದೇ ವಿವೇಕವನ್ನು ಶೂಗೂ ಅನ್ವಯಿಸಬೇಕು. ನಡೆದು ನೋಡದೆ ಅಟ್ಟೆಯ ಅಂಟು ಎಷ್ಟು ಗಟ್ಟಿಯೆಂದು ಯಾರೂ ಹೇಳಲಾರರು. ಪೆಟ್ಟಿಗೆಯನ್ನು ವರ್ಷಗಟ್ಟಲೆ ಅಟ್ಟದಲ್ಲಿಟ್ಟು ಕಾಯಬೇಕೆಂಬ ಶರತ್ತು ಯಾರಿಗೂ ಸಲ್ಲದು.

ಸೀಮಿತ ಬಿಡುಗಡೆಯ ಇನ್ನೊಂದು ಅಪಾಯ ಅವಸರ. 'ಇನ್ನು ಎರಡೇ ಜೋಡಿ ಉಳಿದಿವೆ', 'ಹತ್ತು ನಿಮಿಷದಲ್ಲಿ ಮುಗಿಯುತ್ತದೆ' ಎಂದು ಪರದೆಯ ಮೇಲೆ ಗಡಿಯಾರ ಓಡುವಾಗ ವಾಪಸಾತಿಯ ಶರತ್ತನ್ನು ಓದುವವರಾರು? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಿದೆ. ಸುಳ್ಳು ತುರ್ತು ಸೃಷ್ಟಿಸುವುದೂ ಅವುಗಳಲ್ಲೊಂದು. ನಿಜವಾಗಿಯೂ ಎರಡೇ ಜೋಡಿ ಉಳಿದಿದ್ದರೆ ಹೇಳಲಿ. ಗೋದಾಮು ತುಂಬಿರುವಾಗ ಹೇಳಿದರೆ ಅದು ಮೋಸ.

ನಕಲಿಯ ಭಯವಂತೂ ದೊಡ್ಡ ಹೆಸರುಗಳನ್ನೂ ಬಿಟ್ಟಿಲ್ಲ. ಪ್ರತಿ ಜೋಡಿಯನ್ನೂ ಪರಿಶೀಲಿಸಿಯೇ ಕಳಿಸುತ್ತೇವೆ ಎನ್ನುತ್ತಿದ್ದ ಅಮೆರಿಕದ ಮರುಮಾರಾಟ ತಾಣ ಸ್ಟಾಕ್‌ಎಕ್ಸ್ ಮೇಲೆ ನೈಕಿ ಕಂಪನಿ ದಾವೆ ಹೂಡಿತ್ತು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, 37 ಜೋಡಿ ನಕಲಿ ಶೂಗಳ ಮಾರಾಟಕ್ಕೆ ಆ ತಾಣವನ್ನು ಹೊಣೆ ಮಾಡಿತು. ಪರಿಣತರನ್ನು ಇಟ್ಟುಕೊಂಡವರೇ ಎಡವಿದಲ್ಲಿ, ಮಸ್ಕಿಯ ಹುಡುಗನೊಬ್ಬ ಫೋಟೊ ನೋಡಿ ಅಸಲಿ ನಕಲಿ ಹೇಳಬೇಕೆಂದು ಬಯಸುವುದು ಯಾವ ನ್ಯಾಯ?

ಮಸ್ಕಿ ಎಂದಾಗ ಅಲ್ಲಿನ ಬಂಡೆ ನೆನಪಾಗದಿರದು. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಅಶೋಕ ಎಂಬ ಹೆಸರೇ ಕಾಣಿಸಿಕೊಂಡಿತು. ಶಾಸನಗಳ 'ದೇವಾನಾಂಪ್ರಿಯ' ಯಾರೆಂಬುದು ಅದರಿಂದ ಖಚಿತವಾಯಿತು. ಮಾತು ಕೊಟ್ಟವನ ಹೆಸರು ಮಾತಿನ ಜೊತೆಗಿದ್ದರೆ ಅದಕ್ಕೆ ಬರುವ ತೂಕವೇ ಬೇರೆ. ಇ-ಕಾಮರ್ಸ್ ನಿಯಮಗಳು ಕೂಡ ಮಾರಾಟಗಾರನ ಹೆಸರು, ವಿಳಾಸ, ವಾಪಸಾತಿಯ ವಿವರಗಳನ್ನು ಕೊಳ್ಳುವ ಮೊದಲೇ ಕಾಣುವಂತೆ ತೋರಿಸಬೇಕೆನ್ನುತ್ತವೆ. ಹೆಸರಿಲ್ಲದ ಖಾತೆಗೆ ಹಣ ಕಳಿಸಿ 'ಅಸಲಿ' ಶೂ ನಿರೀಕ್ಷಿಸುವ ಮುನ್ನ ನಮ್ಮ ಯುವಕರು ಇದನ್ನಾದರೂ ನೋಡಬೇಕು.

ಹಾಗಾದರೆ ಮಾಡಬೇಕಾದದ್ದೇನು? ವಾಪಸಾತಿಯ ಶರತ್ತು ಕನ್ನಡದಲ್ಲಿ, ಓದುವಷ್ಟು ದೊಡ್ಡ ಅಕ್ಷರದಲ್ಲಿ, ಹಣ ಕೊಡುವ ಮೊದಲೇ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲಿರಲಿ. ಮಾದರಿಯ ಸಂಖ್ಯೆ ಮತ್ತು ಅಳತೆಯನ್ನು ಅಂಗಡಿಯವರು ಬಿಲ್ಲಿನಲ್ಲಿ ಬರೆಯಲಿ. ಜೋಡಿ ಬದಲಾಯಿಸುವ ಚಾಲಾಕಿತನಕ್ಕೆ ಅದೇ ಅಂಕುಶ. ಪಾರ್ಸೆಲ್ ಬಿಚ್ಚುವಾಗ ಗ್ರಾಹಕರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಲಿ, ಬಿಲ್ಲನ್ನು ಕಾದಿಟ್ಟುಕೊಳ್ಳಲಿ.

ಸರ್ಕಾರದ ಪಾಲೂ ಇದೆ. ಈಗಿನ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, 1915 ಸಂಖ್ಯೆಯ ಸಹಾಯವಾಣಿಯೂ ಇದೆ. ಆದರೆ ಜಿಲ್ಲಾ ಆಯೋಗ ಇರುವುದು ರಾಯಚೂರಿನಲ್ಲಿ. ಎಂಟು ಸಾವಿರದ ಶೂಗಾಗಿ ಸಿಂಧನೂರಿನಿಂದಲೋ ಲಿಂಗಸುಗೂರಿನಿಂದಲೋ ದಿನದ ಕೆಲಸ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ, ವಾಯಿದೆಯಿಂದ ವಾಯಿದೆಗೆ ಅಲೆಯುವವರು ಎಷ್ಟು ಜನ? ಆಯೋಗ ತಿಂಗಳಿಗೊಮ್ಮೆ ಈ ತಾಲ್ಲೂಕುಗಳಲ್ಲೇ ಕಲಾಪ ನಡೆಸಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಗಳ ಲೋಕ ಅದಾಲತ್‌ಗಳು ಇಂಥ ಸಣ್ಣ ತಗಾದೆಗಳನ್ನು ಕೈಗೆತ್ತಿಕೊಳ್ಳಲಿ. 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆ ಕಾಗದದ ಚೀಲಕ್ಕೆ ಮೂರು ರೂಪಾಯಿ ವಸೂಲು ಮಾಡಿದ ಬಾಟಾ ಮಳಿಗೆಗೆ ಒಟ್ಟು 9,000 ರೂಪಾಯಿ ತೆರುವಂತೆ ಆದೇಶಿಸಿತ್ತು. ಮೊತ್ತ ಸಣ್ಣದೆಂದು ಆ ಗ್ರಾಹಕ ಸುಮ್ಮನಿದ್ದಿದ್ದರೆ ಚೀಲದ ಪ್ರಶ್ನೆ ಅಂದು ದೇಶದ ಗಮನ ಸೆಳೆಯುತ್ತಿರಲಿಲ್ಲ.

ದೀಪಾವಳಿಗೆ ನಮ್ಮ ವರ್ತಕರು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ಬಿಲ್ ಪುಸ್ತಕಗಳೂ ಹೊಸದಾಗಿ ಅಚ್ಚಾಗುತ್ತವೆ. ಮೂರೂ ಊರಿನ ವರ್ತಕರ ಸಂಘಗಳಿಗೆ ನನ್ನದೊಂದು ವಿನಂತಿ. ಮೇಲಿನ ದೇವರ ಹೆಸರು ಹಾಗೆಯೇ ಇರಲಿ. ಕೆಳಗಿನ ಸಾಲನ್ನು ಮಾತ್ರ ಬದಲಾಯಿಸಿ: 'ದೋಷವಿದ್ದರೆ 30 ದಿನಗಳೊಳಗೆ ಬಿಲ್ಲಿನೊಂದಿಗೆ ತನ್ನಿ, ಬದಲಿಸಿ ಕೊಡುತ್ತೇವೆ, ಇಲ್ಲವೇ ಹಣ ಮರಳಿಸುತ್ತೇವೆ'. ಅಚ್ಚಿನ ಖರ್ಚು ಎರಡಕ್ಕೂ ಒಂದೇ.