ಆಯಸ್ಕಾಂತ ಅಂಟಲಿಲ್ಲ, ಸರಿ. ನಂಬರ್ ಎಷ್ಟು?

ಶಿವಾಜಿನಗರದ ಪಾತ್ರೆ ಅಂಗಡಿಗಳಲ್ಲಿ "ಸ್ಟೀಲು ಒಳ್ಳೇದಾ?" ಅಂತ ಒಮ್ಮೆ ಕೇಳಿ ನೋಡಿ. ಗಲ್ಲಾಪೆಟ್ಟಿಗೆಯಿಂದ ಒಂದು ಆಯಸ್ಕಾಂತ ಹೊರಗೆ ಬರುತ್ತೆ. ಅಂಟದಿದ್ರೆ ಒರಿಜಿನಲ್ಲು, ಅಂಟಿದ್ರೆ ಡೂಪ್ಲಿಕೇಟು. ಮುಗೀತು ಪರೀಕ್ಷೆ! ಈ ಆಯಸ್ಕಾಂತದ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಇವತ್ತು ಬರೆದೇ ಬಿಡ್ತೀನಿ.

304 ಅನ್ನೋ ಸ್ಟೀಲಿನಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತೆ. ನಿಕಲ್ಲಿನಿಂದಾಗಿ ಆಯಸ್ಕಾಂತ ಅಂಟಲ್ಲ. ಆದರೆ ದುಬಾರಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ 200ರ ಸರಣಿಯ ಸ್ಟೀಲಿಗೂ ಅಂಟಲ್ಲ, ಅದು ತುಕ್ಕಿಗೆ ಬೇಗ ಸೋಲುತ್ತೆ. ಇನ್ನು 430ಕ್ಕೆ ಅಂಟುತ್ತೆ, ಆದ್ರೂ 17 ಭಾಗ ಕ್ರೋಮಿಯಂ ಇರೋ ಅಸಲಿ ಸ್ಟೇನ್‌ಲೆಸ್ ಅದು. ಅಂದ್ರೆ ಪರೀಕ್ಷೆ ಎರಡೂ ಕಡೆ ತಪ್ಪುತ್ತೆ.

ನೀರು ಕುಡಿಯೋ ಲೋಟಕ್ಕಾದ್ರೆ ಹಾಳಾಗಿ ಹೋಗಲಿ ಅನ್ನಬಹುದು. ಬೆಂಕಿಯ ಮುಂದೆ ಕೂರೋ ಸ್ಟೀಲಿಗೆ? ಬೇಕರಿ ಬರ್ನರು, ಕಬಾಬ್ ಒಲೆಯ ಜಾಲರಿ, ಕೆ.ಆರ್.ಪುರ ಕಡೆಯ ವರ್ಕ್‌ಶಾಪಿನ ಫರ್ನೇಸ್ ಬುಟ್ಟಿ, ಇವನ್ನೂ ಹೀಗೇ ಕೊಳ್ತೀವಲ್ಲ!

ಸ್ಟೇನ್‌ಲೆಸ್ಸನ್ನು ಕಾಯೋದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ. ಕಾಯಿಸಿದಾಗ ಲೋಹ ಪೊರೆಗಿಂತ ಜಾಸ್ತಿ ಹಿಗ್ಗುತ್ತೆ, ಆರಿದಾಗ ಜಾಸ್ತಿ ಕುಗ್ಗುತ್ತೆ. ಪೊರೆ ಸಿಡಿದು ಉದುರುತ್ತೆ. ಅದಕ್ಕೇ ನೋಡಿ ವಿಚಿತ್ರ, ಒಂದೇ ಸಮ ಕಾಯುತ್ತಿದ್ರೆ 304 ಗಾಳಿಯಲ್ಲಿ ಸುಮಾರು 925 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತೆ, ಪದೇ ಪದೇ ಕಾಯಿಸಿ ಆರಿಸಿದ್ರೆ 870ಕ್ಕೇ ಸುಸ್ತು. ದಿನಾ ಹೊತ್ತಿಸಿ ಆರಿಸೋ ಒಲೆಗೆ ಬೇಕಿರೋದು ಎರಡನೇ ಲೆಕ್ಕ. ಇನ್ನೂ ಮೇಲಿನ ಬಿಸಿಗೆ 310 ಇದೆ, 25 ಭಾಗ ಕ್ರೋಮಿಯಂ, 20 ಭಾಗ ನಿಕಲ್. ಇದ್ಯಾವುದೂ ಆಯಸ್ಕಾಂತಕ್ಕೆ ಗೊತ್ತಾಗಲ್ಲ.

ಪೊರೆ ಉಳಿದ್ರೂ ಇನ್ನೊಂದು ಕಾಟ ಇದೆ. ಕೆಂಪಗೆ ಕಾದ ಸ್ಟೀಲು ಭಾರ ಹೊತ್ತುಕೊಂಡೇ ಇದ್ದರೆ ಗಂಟೆಗಟ್ಟಲೆ, ತಿಂಗಳುಗಟ್ಟಲೆ ನಿಧಾನಕ್ಕೆ ಜಗ್ಗುತ್ತೆ. ಇದಕ್ಕೆ ಕ್ರೀಪ್ ಅಂತಾರೆ. ಕರಗೋದು 1400ರ ಆಸುಪಾಸಿನಲ್ಲಾದರೂ ಕೈಕೊಡೋದು ಅದಕ್ಕಿಂತ ಬಹಳ ಮೊದಲೇ.

ಈಗ ಹಲಸೂರು ದಾಟಿ ಹಳೇ ಏರ್‌ಪೋರ್ಟ್ ರಸ್ತೆಗೆ ಬನ್ನಿ. ಎಚ್‌ಎಎಲ್‌ನ ಎಂಜಿನ್ ಕಾರ್ಖಾನೆ ಶುರುವಾಗಿದ್ದು 1957ರಲ್ಲಿ, ಆರ್ಫಿಯಸ್ ಎಂಜಿನ್ ಮಾಡೋಕೆ. 1961ರಲ್ಲಿ ಇಲ್ಲೇ ಹಾರಿದ ಮರುತ್ ವಿಮಾನದ್ದೂ ಅದೇ ಎಂಜಿನ್. ವಿಮಾನದ ಕೆಲಸದಲ್ಲಿ ಲೋಹದ ತುಂಡಿಗೆ ಜಾತಕ ಇರಬೇಕು, ಯಾವ ಕರಗಿಸುವಿಕೆಯಿಂದ ಬಂತು ಅನ್ನೋ ಹೀಟ್ ನಂಬರ್ ಸಮೇತ. ಎಕ್ಸಾಸ್ಟ್ ಕೊಳವೆಗಳಿಗೆ ಟೈಟಾನಿಯಂ ಸೇರಿಸಿದ 321, ಸುಮಾರು 700 ಡಿಗ್ರಿವರೆಗಿನ ಬೋಲ್ಟು, ಡಿಸ್ಕುಗಳಿಗೆ ಎ-286. ಅಲ್ಲಿಂದ ಮೇಲೆ ಸ್ಟೇನ್‌ಲೆಸ್ ಆಟ ಮುಗೀತು, ನಿಕಲ್ ಸೂಪರ್‌ಅಲಾಯ್‌ಗಳ ರಾಜ್ಯ. ಇವತ್ತಿನ ಫೈಟರ್ ಎಂಜಿನ್ನಿನ ಟರ್ಬೈನಿಗೆ ನುಗ್ಗೋ ಅನಿಲ ಬ್ಲೇಡಿನ ಲೋಹ ಕರಗೋ ಮಟ್ಟಕ್ಕಿಂತಲೂ ಬಿಸಿ. ಬ್ಲೇಡಿನ ಒಳಗೆ ಗಾಳಿ ಹರಿಸಿ ತಣ್ಣಗಿಡ್ತಾರೆ.

"ರಾಕೆಟ್ ಮಾಡ್ತೀವಿ, ಜೆಟ್ ಎಂಜಿನ್ ಯಾಕೆ ಆಗಲ್ಲ?" ಅಂತ ಕಾವೇರಿ ಎಂಜಿನ್ನನ್ನು ಆಡಿಕೊಳ್ಳೋರು ನನಗೆ ಹೋಟೆಲಲ್ಲೂ ಸಿಗ್ತಾರೆ. ಸ್ವಾಮಿ, ಪಿಎಸ್‌ಎಲ್‌ವಿಯ ಎರಡನೇ ಹಂತದ ವಿಕಾಸ್ ಎಂಜಿನ್ ಉರಿಯೋದು ಎರಡು-ಎರಡೂವರೆ ನಿಮಿಷ. ಜೆಟ್ ಎಂಜಿನ್ ಸಾವಿರಾರು ಗಂಟೆ ಉರಿಯಬೇಕು, ಸಾವಿರಾರು ಸಲ ಕಾದು ಆರಬೇಕು. ಅದೇ ಪೊರೆ, ಅದೇ ಕ್ರೀಪ್. ಸಿ.ವಿ.ರಾಮನ್ ನಗರದ ಜಿಟಿಆರ್‌ಇಗೆ ಕಾವೇರಿಯ ಕೆಲಸ ಒಪ್ಪಿಸಿದ್ದು 1989ರಲ್ಲಿ, ತೇಜಸ್‌ನಿಂದ ಬಿಡಿಸಿದ್ದು 2008ರಲ್ಲಿ. ಹೈದರಾಬಾದಿನ ಡಿಎಂಆರ್‌ಎಲ್ 60 ಸಿಂಗಲ್ ಕ್ರಿಸ್ಟಲ್ ಬ್ಲೇಡುಗಳನ್ನು ಎಚ್‌ಎಎಲ್‌ಗೆ ಕೊಟ್ಟಿದ್ದು 2021ರಲ್ಲಿ, ಅದೂ ಹೆಲಿಕಾಪ್ಟರ್ ಎಂಜಿನ್ನಿಗೆ. ಅದೇ ವರ್ಷ ತೇಜಸ್ಸಿಗಾಗಿ ಅಮೆರಿಕದಿಂದ 99 ಎಫ್-404 ಎಂಜಿನ್ ತರಿಸೋ ಒಪ್ಪಂದ ಆಯ್ತು. ಮೊದಲನೆಯದು ಕೈಗೆ ಬಂದಿದ್ದು 2025ರ ಮಾರ್ಚಿನಲ್ಲಿ! ಬಿಸಿ ತಡೆಯೋ ಲೋಹದ ಗುಟ್ಟನ್ನು ಯಾರೂ ಕಡ ಕೊಡಲ್ಲ. ವಿಮಾನ ಹಾರಿದಾಗ ಚಪ್ಪಾಳೆ ತಟ್ಟೋ ನಾವು ಲೋಹದ ಲ್ಯಾಬಿಗೆ ವರ್ಷಾನುಗಟ್ಟಲೆ ದುಡ್ಡು, ತಾಳ್ಮೆ ಎರಡೂ ಕೊಡಬೇಕು ಅನ್ನೋದು ನನ್ನ ವಾದ. ಇಪ್ಪತ್ತು ವರ್ಷ ಪೇಪರಲ್ಲಿ ಏನೂ ಸುದ್ದಿ ಬರದಿದ್ರೂ ಕೊಡಬೇಕು.

ಅಂಗಡಿಯಲ್ಲೂ ಅದೇ. ನಂಬರ್ ಕೇಳಿ, ದೊಡ್ಡ ಖರೀದಿಯಾದ್ರೆ ಮಿಲ್ ಸರ್ಟಿಫಿಕೇಟ್ ಕೇಳಿ. ಎಷ್ಟು ಡಿಗ್ರಿ, ದಿನಕ್ಕೆ ಎಷ್ಟು ಸಲ ಆರುತ್ತೆ ಅಂತ ನೀವೂ ಹೇಳಿ. ಹಾಗಂತ ಎಲ್ಲದಕ್ಕೂ 310 ಬೇಡ, 20 ಭಾಗ ನಿಕಲ್ಲಿನ ರೇಟು ಕೇಳಿದ್ರೆ ನಮಗೇ ಬಿಸಿ ಹತ್ತುತ್ತೆ. ಎಷ್ಟೋ ಕಬಾಬ್ ಒಲೆಗಳಿಗೆ 430 ಸಾಕು, ಸವೆದಾಗ ಬದಲಾಯಿಸಿದ್ರಾಯ್ತು. ಆಯಸ್ಕಾಂತ ಅಂಟಿದ್ರೆ ಅಂಟಲಿ ಬಿಡಿ :)